ಪರ್ಷಿಯನ್ ಬೆಕ್ಕು ಮತ್ತು ಹಾಸಿಗೆ ಚಾಚಾ

ಹೋದ ತಿಂಗಳು ಮನೆಯ ಹಳೆಯ ಹಾಸಿಗೆಯೊಂದರ ಹೊಲಿಗೆ ಬಿಟ್ಟು ಅರಳೆ ಹೊರಗೆ ಬಂತು. ಒಂದು ಹಿಡಿ ತೆಗೆದು ಮೂಗಿನ ಹತ್ತಿರ ಹಿಡಿದೆ. ಬಿಸಿಲಿಗೆ ಒಣಗಿದ ಹತ್ತಿಯ ವಾಸನೆ, ಜೊತೆಗೆ ಸ್ವಲ್ಪ ಧೂಳು. ಸೀನು ಬಂತು, ಆಮೇಲೆ ಕಣ್ಣಲ್ಲಿ ನೀರೂ ಬಂತು. ಸೀನಿದ್ದಕ್ಕೇ ಎಂದು ಮನೆಯವರಿಗೆ ಹೇಳಿದೆ. ಆ ಹಾಸಿಗೆ ಹೊಲಿದವರು ಮುಳಬಾಗಿಲಿನಲ್ಲಿ ನಮ್ಮ ಬೀದಿಯ ಕೊನೆಗೆ ಅಂಗಡಿ ಇಟ್ಟುಕೊಂಡಿದ್ದ ಮುದುಕರು. ಅವರ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತೋ... ಬೀದಿಗೆಲ್ಲ ಅವರು ಹಾಸಿಗೆ ಚಾಚಾ, ನಮ್ಮತ್ತೆಗೆ ಮಾತ್ರ ಸಾಬ್ರು.

ಆದರೆ ನಾನು ಹೇಳಹೊರಟಿದ್ದು ಹಾಸಿಗೆಯ ವಿಷಯವಲ್ಲ, ಬೆಕ್ಕಿನ ವಿಷಯ.

ಹನ್ನೆರಡು ವರ್ಷದ ಹಿಂದಿನ ಮಾತು. ನಾನು ಅಲ್ಲೇ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್. ವರ್ಗವಾಗಿ ಹೊರಟ ಜೊತೆಯ ಟೀಚರ್ ಒಬ್ಬರು ತಮ್ಮ ಪರ್ಷಿಯನ್ ಬೆಕ್ಕನ್ನು ನನ್ನ ಕೈಗೆ ಕೊಟ್ಟು ಹೋಗಿದ್ದರು. ಮೈ ಬಣ್ಣಕ್ಕೆ ತಕ್ಕ ಹಾಗೆ ಹೆಸರು ಬೆಣ್ಣೆ. ದುಂಡು ಮುಖ, ನಡುವೆ ಯಾರೋ ಹೆಬ್ಬೆರಳಿನಿಂದ ಒತ್ತಿಬಿಟ್ಟಂಥ ಮೂಗು, ತಾಮ್ರದ ಬಣ್ಣದ ಅಗಲ ಕಣ್ಣು, ಗಿಡ್ಡ ಕಾಲು. ಕೂದಲಂತೂ ನೆಲ ಗುಡಿಸುವಷ್ಟು ಉದ್ದ. ಬೀದಿ ಬೆಕ್ಕುಗಳ ಹಾಗೆ ಗೋಡೆ ಹಾರುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಹಸಿವಾದರೆ ತಟ್ಟೆಯ ಮುಂದೆ ಕೂತು ನಮ್ಮ ಮುಖ ನೋಡುವುದು, ನಾವು ನಾಚಿಕೊಂಡು ಎದ್ದು ಹಾಕುವುದು. ಒಮ್ಮೆ ರಾಗಿ ಡಬ್ಬದ ಹಿಂದಿನಿಂದ ಇಲಿ ಬಂದಾಗ ಎದ್ದು ಅದಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ಕೂತಿತು.

"ಇದೇನೇ ಇದು, ಬೆಕ್ಕೋ ಬೀಗಿತ್ತಿಯೋ?" ಎಂದರು ಅತ್ತೆ.

ಈ ತಳಿಯ ಹಿರೀಕರು ಪರ್ಷಿಯಾದಿಂದ, ಅಂದರೆ ಇವತ್ತಿನ ಇರಾನ್ ಕಡೆಯಿಂದ, ಯುರೋಪಿಗೆ ಹೋದವೆಂದು ಹೇಳುತ್ತಾರೆ. ಅಲ್ಲಿನ ದೊಡ್ಡವರ ಮನೆಗಳಲ್ಲಿ ಸಾಕಿ ಸಾಕಿ ಮುಖ ಇನ್ನಷ್ಟು ದುಂಡಾಯಿತು, ಮೂಗು ಇನ್ನಷ್ಟು ಒಳಗೆ ಹೋಯಿತು. ಇದನ್ನೆಲ್ಲ ಒಂದು ದಿನ ಟೀಚರ್ ಗತ್ತಿನಲ್ಲೇ ಚಾಚಾಗೆ ವಿವರಿಸಿದೆ. ಅವರು ದಿಂಬಿಗೆ ಸೂಜಿ ಹಾಕುತ್ತಲೇ ಕೇಳಿಸಿಕೊಂಡರು.

"ನಮ್ಮ ಮುತ್ತಾತನೂ ಆ ಕಡೆಯಿಂದಲೇ ಬಂದೋನು ಅಂತ ನಮ್ಮಪ್ಪ ಹೇಳೋರು ಬೇಟಿ. ಅವನಿಗೂ ಕೂತ ಜಾಗ ಬಿಡೋ ಅಭ್ಯಾಸ ಇರಲಿಲ್ಲವಂತೆ."

ಅವತ್ತಿನಿಂದ ಬೆಣ್ಣೆ ಅವರಿಗೆ 'ನಮ್ಮ ಕಡೆಯವಳು'.

ಆ ಕೂದಲನ್ನು ದಿನಾ ಬಾಚಬೇಕು, ಇಲ್ಲದಿದ್ದರೆ ಗಂಟು ಕಟ್ಟುತ್ತದೆ. ಅದು ನನ್ನ ಕೆಲಸವಾಗಿತ್ತು. ಒಂದು ಸಲ ತರಬೇತಿಗೆಂದು ಕೋಲಾರಕ್ಕೆ ಹೋಗಿ ಒಂದು ವಾರ ಅಕ್ಕನ ಮನೆಯಲ್ಲಿ ಉಳಿದೆ. ಬೆಣ್ಣೆಯನ್ನು ಅತ್ತೆಗೆ ಒಪ್ಪಿಸಿದ್ದೆ. ನಮ್ಮತ್ತೆ ಸಾಮಾನ್ಯದವರಲ್ಲ, ಬೀದಿಯ ಅರ್ಧ ಮಕ್ಕಳಿಗೆ ಎಣ್ಣೆ ಹಚ್ಚಿ ನೀರು ಹಾಕಿದ ಕೈ ಅವರದು. ಎಣ್ಣೆ ಕಾಣದ ತಲೆ ಕಂಡರೆ ಅವರಿಗೆ ಸಂಕಟ. ಬೆಣ್ಣೆಯ ಒಣ ಕೂದಲು ನೋಡಿ ನೋಡಿ ತಡೆಯಲಾರದೆ, ಶನಿವಾರ ಬೆಳಗ್ಗೆ ಹರಳೆಣ್ಣೆ ಬೆಚ್ಚಗೆ ಮಾಡಿ ನೆತ್ತಿಯಿಂದ ಬಾಲದ ತುದಿಯವರೆಗೆ ತಿಕ್ಕಿಬಿಟ್ಟಿದ್ದರು. ಬಿಸಿನೀರು ಬೆರೆಸುವಷ್ಟರಲ್ಲಿ ಬೆಣ್ಣೆ ಮಂಚದ ಕೆಳಗೆ ನುಗ್ಗಿತು. ಮತ್ತೆ ಯಾರ ಕೈಗೂ ಸಿಗಲಿಲ್ಲ.

ನಾನು ಮುಂದಿನ ಶುಕ್ರವಾರ ವಾಪಸ್ ಬರುವಷ್ಟರಲ್ಲಿ ಎಣ್ಣೆಗೆ ಧೂಳು ಮೆತ್ತಿಕೊಂಡು, ಮೈಯೆಲ್ಲ ಕಾಲೊರೆಸುವ ಮ್ಯಾಟಿನಂತಾಗಿತ್ತು. ಕಂಕುಳಲ್ಲಿ ಗಂಟು ಬಿಗಿದು ಹೆಜ್ಜೆ ಇಡಲಾಗದು. ಚರ್ಮ ಕೆಂಪಾಗಿತ್ತು. ಊಟ ಬಿಟ್ಟು ಎರಡು ದಿನವಾಗಿತ್ತಂತೆ.

ತರಕಾರಿ ಬುಟ್ಟಿಯಲ್ಲಿ ಹಾಕಿಕೊಂಡು ಡಾಕ್ಟರ ಹತ್ತಿರ ಓಡಿದೆ. ಹೊಸದಾಗಿ ಬಂದ ಹುಡುಗ ಡಾಕ್ಟರು, ಒಳ್ಳೆಯವರು. ಪೂರ್ತಿ ಬೋಳಿಸಬೇಕು ಎಂದರು. ಮುಟ್ಟಿದರೆ ನೋವು, ಎಚ್ಚರವಿದ್ದಾಗ ಆಗುವುದಿಲ್ಲ, ಅರಿವಳಿಕೆ ಕೊಡಬೇಕು. ಆದರೆ ವಯಸ್ಸಾದ ಬೆಕ್ಕು, ಮೊದಲೇ ಮೂಗು ಚಪ್ಪಟೆ, ಉಸಿರಾಟ ಕಷ್ಟ. ಎಚ್ಚರವಾಗುತ್ತದೆ ಎಂದು ಮಾತು ಕೊಡಲಾರೆ ಎಂದರು.

"ಸೋಮವಾರ ಹತ್ತಕ್ಕೆ ತನ್ನಿ ಮೇಡಂ. ಅಷ್ಟರಲ್ಲಿ ಕೈಯಲ್ಲೇ ಬಿಡಿಸೋಕಾದ್ರೆ ಒಳ್ಳೇದು. ಆದ್ರೆ ಆಗಲ್ಲ ಅನ್ಸತ್ತೆ."

ಆ ಸಂಜೆ ಅತ್ತೆ ಊಟ ಮಾಡಲಿಲ್ಲ. ನಾನು ಬನ್ನಿ ಎಂದು ಕರೆಯಲೂ ಇಲ್ಲ. ಕೋಪ ಬಂದರೆ ನಾನು ಬೈಯುವವಳಲ್ಲ, ಮಾತು ಬಿಡುವವಳು. ಅದು ಬೈಗುಳಕ್ಕಿಂತ ಕೆಟ್ಟದ್ದು ಎಂದು ಈಗ ಗೊತ್ತು. ಅತ್ತೆ ಗೋಡೆಗೆ ಒರಗಿ ಕೂತು, "ಪಾಪ, ಬಾಯಿಲ್ಲದ ಪ್ರಾಣಿ... ನನ್ನ ಕೈಯಲ್ಲೇ ಹೋಗ್ಬೇಕಾ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಶನಿವಾರ ಬೆಳಗ್ಗೆ ಬಾಚಣಿಗೆ ಕೊಳ್ಳಲು ಹೋಗುವಾಗ ಚಾಚಾ ಅಂಗಡಿಯಲ್ಲಿ ಸುಮ್ಮನೆ ಕೂತಿದ್ದರು. ಆ ದಿನಗಳಲ್ಲಿ ಅವರು ಸುಮ್ಮನೆ ಕೂರುವುದೇ ಹೆಚ್ಚು. ಎಲ್ಲರ ಮನೆಗೂ ಫೋಮ್ ಹಾಸಿಗೆ ಬಂದಿತ್ತು. ಅರಳೆ ಹಿಂಜಿಸಲು ಯಾರೂ ಬರುತ್ತಿರಲಿಲ್ಲ. ನಂಗಲಿಯಲ್ಲಿ ಲಾರಿ ಸಾಮಾನಿನ ಅಂಗಡಿಯಲ್ಲಿದ್ದ ಮಗ, ಮುಚ್ಚಿಬಿಡಿ ಅಬ್ಬಾ ಎಂದು ಬಂದಾಗಲೆಲ್ಲ ಹೇಳುತ್ತಿದ್ದ. ನಾನು ವಿಷಯ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ನನಗಿಂತ ಮುಂದೆ ನಮ್ಮ ಮನೆಗೆ ನಡೆದರು.

ಬೆಣ್ಣೆಯ ಬೆನ್ನ ಮೇಲಿನ ಒಂದು ಗಂಟನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. "ಇದು ಇಪ್ಪತ್ತು ವರ್ಷ ಬಿಸಿಲು ಕಾಣದ ಹಾಸಿಗೆ ಬೇಟಿ" ಎಂದರು. ಆಮೇಲೆ ಬೆರಳು ಮೂಸಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮುಖ ನೋಡಿದರು. ಅವರಿಗೆ ಎಲ್ಲ ತಿಳಿಯಿತು.

"ಅಮ್ಮಾ, ನೀವು ಬನ್ನಿ. ಮಕ್ಕಳನ್ನ ಹಿಡಿದು ಅಭ್ಯಾಸ ಇರೋ ಕೈ ನಿಮ್ದು. ತಲೆ ನೀವು ಹಿಡ್ಕೊಂಡ್ರೆ ಇವಳು ಸುಮ್ನಿರ್ತಾಳೆ."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಕೂತರು. ನಾನು ಕತ್ತರಿ ತಂದೆ. "ನಕ್ಕೋ ಬೇಟಿ, ಕತ್ತರಿ ಬೇಡ" ಎಂದು ಕೈ ಅಡ್ಡ ಹಿಡಿದರು ಚಾಚಾ. ಕಾರ್ನ್‌ಫ್ಲೋರ್ ತರಿಸಿ ಗಂಟಿನ ಮೇಲೆಲ್ಲ ಉದುರಿಸಿದರು, ಎಣ್ಣೆ ಹೀರಲಿ ಎಂದು. ಹಿಟ್ಟು ಎಣ್ಣೆ ಕುಡಿದು ಉದುರಿತು, ಮತ್ತೆ ಹಾಕಿದರು. ಆಮೇಲೆ ಒಂದು ಕೈಯಲ್ಲಿ ಕೂದಲ ಬುಡ ಹಿಡಿದು, ಚರ್ಮ ಎಳೆಯದ ಹಾಗೆ, ಇನ್ನೊಂದು ಕೈಯಿಂದ ತುದಿಯ ಎಳೆ ಒಂದೊಂದಾಗಿ ಬಿಡಿಸಿದರು. ಗಂಟಾದ ಅರಳೆಯನ್ನು ಅವರು ಜೀವಮಾನವೆಲ್ಲ ಹೀಗೇ ಹಿಂಜಿದ್ದರು. ಸಂಜೆಯಾಗುವಾಗ ಒಂದು ಪಕ್ಕ ಮಾತ್ರ ಮುಗಿದಿತ್ತು. ಇನ್ನು ಒಂದೇ ದಿನ ಉಳಿದಿತ್ತು.

ಭಾನುವಾರ ಹೊಟ್ಟೆ, ಕಂಕುಳು. ಅಲ್ಲೇ ನೋವು ಜಾಸ್ತಿ. ಎಂದೂ ದನಿ ಎತ್ತದ ಬೆಣ್ಣೆ ಗುರ್ರೆಂದು ಚಾಚಾರ ಮಣಿಕಟ್ಟು ಕಚ್ಚಿತು. ನಾನು ಹೆದರಿ ಸಾಕು ಚಾಚಾ, ಬಿಟ್ಟುಬಿಡೋಣ ಎಂದೆ. ಅತ್ತೆ ನನ್ನ ಕಡೆ ತಿರುಗಿಯೂ ನೋಡದೆ, "ನೀವು ಮಾಡಿ ಸಾಬ್ರೇ, ನಾನು ಹಿಡ್ಕೊಂಡಿದ್ದೀನಿ" ಎಂದರು. ಚಾಚಾ ಕೈ ತೊಳೆದು, ಅರಿಶಿನ ಹಚ್ಚಿಸಿಕೊಂಡು, ನಮಾಜು ಮುಗಿಸಿ ಬಂದು ಮತ್ತೆ ಕೂತರು. ಅತ್ತೆ ಮಕ್ಕಳಿಗೆ ಹೇಳುವ ಹಾಗೆ ತೆಲುಗಿನಲ್ಲಿ ಏನೇನೋ ಗುನುಗುತ್ತಾ ಅದರ ಹಣೆ ಸವರುತ್ತಿದ್ದರು. ಆ ಮಧ್ಯಾಹ್ನ ನಾನು ಅತ್ತೆಯ ಜೊತೆ ಮಾತು ಶುರು ಮಾಡಿದೆ... ಕಾಫಿ ಬೇಕಾ ಎಂದು ಕೇಳಿದೆ, ಅಷ್ಟೇ. ಅವರು ಹೂಂ ಎಂದರು.

ಐದು ಗಂಟೆಯ ಹೊತ್ತಿಗೆ ಕಿವಿಯ ಹಿಂದಿನ ಕೊನೆಯ ಗಂಟು ಬಿಟ್ಟಿತು. ಬೆಚ್ಚನೆ ನೀರು, ಮಗುವಿನ ಸೋಪು, ಮೂರು ಟವೆಲ್. ಒಣಗುತ್ತಾ ಒಣಗುತ್ತಾ ಬೆಣ್ಣೆ ಉಬ್ಬಿ, ಆಗತಾನೇ ಹಿಂಜಿದ ಅರಳೆಯಂತೆ ನಡುಮನೆ ತುಂಬ ಹರಡಿ ಕೂತಿತು. ಅತ್ತೆ ಬೇಯಿಸಿಟ್ಟ ಕೋಳಿಯನ್ನು ತಟ್ಟೆ ಸಮೇತ ನೆಕ್ಕಿತು. ಅದನ್ನು ನೋಡಿ ಅತ್ತೆ ಗಟ್ಟಿಯಾಗಿ ಅತ್ತರು. ನನಗೆ ಬೀದಿಗೆ ಹೋಗಿ ಡಂಗುರ ಹೊಡೆಯುವಷ್ಟು ಖುಷಿಯಾಗಿತ್ತು.

ಸೋಮವಾರ ಹತ್ತಕ್ಕೆ ನಾವು ಮೂವರೂ ಬೆಣ್ಣೆಯ ಜೊತೆ ಆಸ್ಪತ್ರೆಗೆ ಹೋದೆವು. ಡಾಕ್ಟರು ಕೂದಲು ಸರಿಸಿ ಸರಿಸಿ ಚರ್ಮ ನೋಡಿದರು, ಮುಲಾಮು ಸಾಕು ಎಂದರು. "ಅಲ್ಲ ಮೇಡಂ, ಬೆಕ್ಕಿಗೆ ಎಣ್ಣೆ ಹಚ್ಚಿದ್ದು ಯಾರು?" ಎಂದರು. ಅತ್ತೆ ನೆಲ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಚಾಚಾ, "ಡಬ್ಬ ಮಗುಚಿಕೊಂಡುಬಿಡ್ತು ಸಾರ್" ಎಂದರು. ಡಾಕ್ಟರು ನಂಬಿದರು. ಆಮೇಲೆ ಚಾಚಾರ ಎರಡೂ ಕೈ ಹಿಡಿದು ಬೆರಳು ನೋಡಿ, ಇದನ್ನು ನಮಗೆ ಕಾಲೇಜಿನಲ್ಲಿ ಹೇಳಿಕೊಡಲಿಲ್ಲ ಎಂದರು.

ಅಲ್ಲಿಂದ ಶುರುವಾಯಿತು. ಗಂಟು ಕಟ್ಟಿದ ಬೆಕ್ಕು ಬಂದರೆ ಡಾಕ್ಟರು ಚಾಚಾರ ಅಂಗಡಿಗೆ ಕಳಿಸುವರು. ಮಾಲೂರಿನಿಂದ ಬಂದವು, ಶ್ರೀನಿವಾಸಪುರದಿಂದ ಬಂದವು, ಲಕ್ಕೂರಿನಿಂದ ಒಬ್ಬರು ಬೈಕಿನ ಮೇಲೆ ಸೀರೆ ಜೋಳಿಗೆಯಲ್ಲಿ ತಂದರು. ಅಂಗಡಿ ಮುಚ್ಚಿ ಎನ್ನುತ್ತಿದ್ದ ಮಗನೇ ಬೋರ್ಡು ಬರೆಸಿ ತೂಗುಹಾಕಿದ: 'ಹಾಸಿಗೆ, ದಿಂಬು, ರಜಾಯಿ, ಪರ್ಷಿಯನ್ ಬೆಕ್ಕು.' ಬೆಕ್ಕು ಮಾರುವ ಅಂಗಡಿ ಎಂದುಕೊಂಡು ಬಂದವರೂ ಇದ್ದರು. ಅವರಿಗೆ ಚಾಚಾ ದಿಂಬು ಮಾರಿ ಕಳಿಸುತ್ತಿದ್ದರು. ಆ ವರ್ಷಗಳಲ್ಲಿ ಅವರು ಎದೆ ಉಬ್ಬಿಸಿ ನಡೆಯುತ್ತಿದ್ದ ರೀತಿ ನೋಡಬೇಕಿತ್ತು...

ಬೆಣ್ಣೆ ಇನ್ನೂ ಐದು ವರ್ಷ ಬದುಕಿ, ಒಂದು ಮಧ್ಯಾಹ್ನ ನಿದ್ದೆಯಲ್ಲೇ ಹೋಯಿತು. ಚಾಚಾ ಹೋಗಿದ್ದು ಹೋದ ವರ್ಷದ ಹಿಂದಿನ ವರ್ಷ. ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ.

ಹೋದ ವಾರ ಆ ಡಾಕ್ಟರು ಫೋನ್ ಮಾಡಿದರು. ಈಗ ಅವರು ಕೋಲಾರದಲ್ಲಿದ್ದಾರೆ. ಮಾಸ್ತಿಯಿಂದ ಒಂದು ಬೆಕ್ಕು ಬಂದಿದೆ, ಅದೇ ಸ್ಥಿತಿ, ನಿಮ್ಮ ಚಾಚಾ ಬರ್ತಾರಾ ಎಂದರು. ಇಲ್ಲ ಸಾರ್ ಎಂದೆ. ಆಮೇಲೆ, ನಾವು ಬರ್ತೀವಿ ಎಂದೆ. ಅಷ್ಟರಲ್ಲಿ ಅತ್ತೆ ಚಪ್ಪಲಿ ಹಾಕಿಕೊಂಡಾಗಿತ್ತು.

ಆಸ್ಪತ್ರೆಯಲ್ಲಿ ಮದುವೆಯಾಗಿ ವರ್ಷವೂ ಆಗಿರದ ಹುಡುಗಿಯೊಬ್ಬಳು ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಅವಳ ಗಂಡ, ಅವಳ ಅತ್ತೆ. ಡಾಕ್ಟರು ಎಣ್ಣೆ ಹಚ್ಚಿದ್ದು ಯಾರು ಎಂದು ಕೇಳಿದರು. ಹುಡುಗಿ ತಲೆ ತಗ್ಗಿಸಿದಳು.

"ನಾನೂ ಹಚ್ಚಿದ್ದೆ ಕಣಮ್ಮ, ನಮ್ಮನೆ ಬೆಕ್ಕಿಗೆ" ಎಂದರು ನಮ್ಮತ್ತೆ, ಎಲ್ಲರ ಮುಂದೆ, ಡಾಕ್ಟರ ಮುಖ ನೇರವಾಗಿ ನೋಡುತ್ತಾ. "ಡಬ್ಬ ಗಿಬ್ಬ ಏನೂ ಮಗುಚಿರಲಿಲ್ಲ ಸಾರ್. ನನ್ನ ಮರ್ಯಾದೆ ಉಳಿಸೋಕೆ ಸಾಬ್ರು ಹಂಗಂದ್ರು." ಮತ್ತೆ ಹುಡುಗಿಯ ಕಡೆ ತಿರುಗಿ, "ಬಾ, ಹತ್ತಿರ ಕೂತ್ಕೋ. ಬಿಡಿಸೋಣ" ಎಂದರು.

ಸಂಜೆ ನಾಲ್ಕಕ್ಕೆ ಕೊನೆಯ ಗಂಟು ಬಿಟ್ಟಿತು. ಹುಡುಗಿ ನಕ್ಕಳು. ಡಾಕ್ಟರು ಚಪ್ಪಾಳೆ ತಟ್ಟಿದರು. ನಲ್ಲಿಯಲ್ಲಿ ಕೈ ತೊಳೆಯುತ್ತಾ ಅತ್ತೆ ನನ್ನ ಕಡೆ ತಿರುಗದೆಯೇ ಹೇಳಿದರು.

"ಸಾಬ್ರು ಇರ್ಬೇಕಿತ್ತು ಕಣೇ."

ಇರಬೇಕಿತ್ತು.