ವಾರಿಜಕ್ಕನ ಪರತ್ ಮಶೀನು

ವಾರಿಜಕ್ಕ ತಮ್ಮ ಉಗುರಿಗೆ ಎಂದೂ ಬಣ್ಣ ಹಚ್ಚಿದವರಲ್ಲ. ಆದರೂ ಅವರ ಗಲ್ಲಾಪೆಟ್ಟಿಗೆಯ ಮೇಲೆ ಕೆಂಪು ನೇಲ್ ಪಾಲಿಶ್‌ನ ಶೀಶೆಯೊಂದು ಸದಾ ಇರುತ್ತಿತ್ತು. ಅಂಗಡಿಗೆ ಬಂದ ಪ್ರತಿಯೊಂದು ವಿಡಿಯೊ ಗೇಮ್ ಮಶೀನನ್ನೂ ಅವರು ಮೊದಲು ಮಗುಚಿ ಹಾಕಿ, ತಳದ ಒಂದೊಂದು ಸ್ಕ್ರೂವಿನ ತಲೆಗೂ ಒಂದೊಂದು ತೊಟ್ಟು ಬಣ್ಣವಿಡುತ್ತಿದ್ದರು. ಯಾರಾದರೂ ಸ್ಕ್ರೂ ತಿರುಗಿಸಿದರೆ ಒಣಗಿದ ಬಣ್ಣ ಬಿರುಕು ಬಿಡುತ್ತದೆ; ಕದ್ದು ಬಿಚ್ಚಿದ್ದು ಬಯಲಾಗುತ್ತದೆ. ಕುಂಕುಮವಿಟ್ಟ ಹಾಗೆ ಕಾಣುತ್ತದೆ ಎಂದು ನಾನೊಮ್ಮೆ ಹೇಳಿದಾಗ, “ಕುಂಕುಮ ಒರೆಸಿ ಪುನಃ ಇಡ್ಲಿಕ್ಕಾಗ್ತದೆ ಮಾಸ್ಟ್ರೇ, ಇದು ಆಗುದಿಲ್ಲ” ಎಂದಿದ್ದರು.

ಅವರ ಅಂಗಡಿ ಕುರ್ಲಾದಲ್ಲಿ, ಸಾಲುಕೋಣೆಗಳ ಒಂದು ಚಾಳ್‌ನ ನೆಲಮಹಡಿಯಲ್ಲಿತ್ತು. ಟಿವಿಯ ಮುಂದೆ ಬೆಂಚು ಹಾಕಿ ಗಂಟೆಯ ಲೆಕ್ಕದಲ್ಲಿ ಆಟವಾಡಿಸುವ ವ್ಯಾಪಾರ. ಅವರ ಮನೆಮಾತು ತುಳು. ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡವನ್ನು ಆಡಬಲ್ಲವರಾಗಿದ್ದರೇ ಹೊರತು ಬರೆಯಬಲ್ಲವರಾಗಿರಲಿಲ್ಲ. ಬರೆಯಬೇಕಾದದ್ದು ಯಾವ ಭಾಷೆಯದೇ ಆಗಿರಲಿ, ಅವರ ಕೈಯಿಂದ ಮೂಡುತ್ತಿದ್ದುದು ಮರಾಠಿ ಅಕ್ಷರ.

ನಾನು ಅಲ್ಲಿಗೆ ಮೊದಲು ಹೋದದ್ದು ಆಟಕ್ಕಲ್ಲ, ಅನುಮಾನದಿಂದ. ನಾನು ಕಲಿಸುತ್ತಿದ್ದ ಕನ್ನಡ ಶಾಲೆಯಲ್ಲಿ ಮಧ್ಯಾಹ್ನದ ಬಿಡುವಿನ ನಂತರ ಹಿಂದಿನ ಬೆಂಚುಗಳು ಬರಿದಾಗುತ್ತಿದ್ದವು. ಮಕ್ಕಳನ್ನು ನುಂಗುವ ಬಾಯಿ ಇದೇ ಇರಬೇಕೆಂದು ನಿಶ್ಚಯಿಸಿ ಒಂದು ದಿನ ಒಳಗೆ ಕಾಲಿಟ್ಟೆ. ಅವರು ನನ್ನ ಬೂಟಿನಿಂದ ಕನ್ನಡಕದವರೆಗೆ ನೋಡಿದರು.

“ಮುನ್ಸಿಪಾಲಿಟಿಯವರಾ?”

“ಅಲ್ಲ. ಶಾಲೆಯವನು.”

“ಕಾರ್ಡ್ ತೋರಿಸಿ. ಶಾಲೆಯವ್ರು ಅಂತ ಯಾರು ಬೇಕಾದ್ರೂ ಹೇಳ್ಬಹುದು.”

ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿ ಹಿಂತಿರುಗಿಸಿದ ಮೇಲೆ, ಯೂನಿಫಾರ್ಮ್‌ನಲ್ಲಿ ಬಂದವರನ್ನು ತಾವು ಒಳಗೆ ಬಿಡುವುದಿಲ್ಲವೆಂದೂ, ಕೊಳೆಗೈಯಲ್ಲಿ ರಿಮೋಟ್ ಮುಟ್ಟಲು ಕೊಡುವುದಿಲ್ಲವೆಂದೂ ತಿಳಿಸಿದರು. ಅದೇ ಹೊತ್ತಿಗೆ ವಡಾಪಾವ್ ತಿಂದು ಬಂದ ಗಿರಾಕಿಯೊಬ್ಬನ ಬೆರಳನ್ನು ಹಿಡಿದು ಮೂಸಿ, ನಲ್ಲಿಯ ಕಡೆಗೆ ಕಳಿಸಿದರು. ಹಿಂದಿನ ಬೆಂಚಿನವರು ಹೋಗುತ್ತಿದ್ದುದು ಎಲ್ಲಿಗೆಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ನಾನು ಹೊರಡುವಾಗ ಅವರು ಕರೆದು, “ಮಾಸ್ಟ್ರೇ, ಒಳ್ಳೆ ರಬ್ಬರ್ ಉಂಟಾ ನಿಮ್ಮತ್ರ? ಪೆನ್ಸಿಲ್ ಒರೆಸುದು?” ಎಂದು ಕೇಳಿದರು.

ನನ್ನ ಕೈಚೀಲದಿಂದ ಕೊಟ್ಟ ಆ ರಬ್ಬರಿನಿಂದಲೇ ನಮ್ಮ ಪರಿಚಯ ಬೆಳೆಯಿತು. ಆಗಿನ ಮಶೀನುಗಳಿಗೆ ಆಟದ ಕ್ಯಾಸೆಟ್ ಸಿಕ್ಕಿಸಬೇಕಾಗಿತ್ತು. ಆಟ ಮೂಡದಿದ್ದರೆ ಎಲ್ಲರೂ ಕ್ಯಾಸೆಟ್ಟಿನ ಬಾಯಿಗೆ ಊದುವರು. ವಾರಿಜಕ್ಕನ ಅಂಗಡಿಯಲ್ಲಿ ಊದುವುದು ನಿಷಿದ್ಧ. “ಊದಿದ್ರೆ ಎಂಜಲು ಬೀಳ್ತದೆ, ಎಂಜಲಿಗೆ ಕಿಲುಬು ಬರ್ತದೆ” ಎಂದು ಅವರು ರಬ್ಬರಿನಿಂದ ತಾಮ್ರದ ಪಟ್ಟಿಗಳನ್ನು ಉಜ್ಜುತ್ತಿದ್ದರು.

ಮಶೀನುಗಳ ವಿಷಯದಲ್ಲಿ ಅವರ ಸಂಶಯಕ್ಕೆ ತರತಮವಿತ್ತು. ಕ್ಯಾಸೆಟ್ಟಿನದು ಸಾಧು. ಅನಂತರ ಬಂದ ಸೀಡಿಯದರ ಕಣ್ಣು ಬೇಗ ಮಂಜಾಗುತ್ತದೆ; ಆಮೇಲೆ ಮಶೀನನ್ನೇ ತಲೆಕೆಳಗಾಗಿ ಇಟ್ಟರೆ ಮಾತ್ರ ಸೀಡಿಯನ್ನು ಓದುತ್ತದೆ. (ಅಂಥ ವಿದ್ಯಾರ್ಥಿಗಳನ್ನು ನಾನೂ ಕಂಡಿದ್ದೆ.) ಅದರ ನಂತರದ್ದು ಕಾದು ಕಾದು ಒಳಗಿನ ಬೆಸುಗೆ ಬಿಡುತ್ತದೆ, ಜೊತೆಗೆ, ಬೆಚ್ಚಗಿರುತ್ತದೆಂದು ಜಿರಳೆಗಳು ಅದರಲ್ಲಿ ಸಂಸಾರ ಹೂಡುತ್ತವೆ. ಇತ್ತೀಚಿನದರ ಹೆಸರೆತ್ತಿದರೆ ಮಾತ್ರ ಅವರು ದನಿ ತಗ್ಗಿಸುತ್ತಿದ್ದರು. “ಅದು ಇರುದು ನಮ್ಮ ಮನೆಯಲ್ಲಿ, ಕೇಳುದು ಬೇರೆಯವರ ಮಾತು. ಇಂಟರ್ನೆಟ್ ಬೇಕು, ಅಪ್‌ಡೇಟ್ ಬೇಕು. ಅವ್ರು ಅಲ್ಲಿಂದ ‘ಸಾಕು’ ಅಂದ್ರೆ ಇದು ಇಲ್ಲಿ ಕಣ್ಣು ಮುಚ್ತದೆ. ಬಾಳ್ವಿಕೆ ಇಲ್ಲದ ಸಾಮಾನು.”

“ಬಾಳಿಕೆ,” ಎಂದೆ ನಾನು. “ಗ್ರಂಥಸ್ಥ ರೂಪ ಬಾಳಿಕೆ.”

“ನೀವು ಬಾಳಿಕೆ ಅಂದ್ರೆ ಒಂದು ವರ್ಷ ಜಾಸ್ತಿ ಬರ್ತದಾ?”

ಕಾಲಕ್ರಮದಲ್ಲಿ ಎಲ್ಲರ ಕೈಗೂ ಮೊಬೈಲು ಬಂತು; ಬೆಂಚು ಖಾಲಿಯಾಯಿತು. ನನ್ನ ಕನ್ನಡ ಶಾಲೆಯೂ ಮುಚ್ಚಿತು. ವಾರಿಜಕ್ಕನ ಸೀಡಿ ಮಶೀನುಗಳು ಒಂದರ ಹಿಂದೊಂದು ಗುಜರಿಗೆ ಹೋದವು. ಉಳಿದದ್ದು ಎಲ್ಲಕ್ಕಿಂತ ಹಳೆಯ ಒಂದು ಕ್ಯಾಸೆಟ್ ಮಶೀನು. ವಿಚಿತ್ರವೆಂದರೆ ಅಂಗಡಿಯನ್ನು ಉಳಿಸಿದ್ದೂ ಅದೇ. ಒಂದು ಕಾಲದಲ್ಲಿ ಅಲ್ಲಿ ಬೈಸಿಕೊಂಡವರು ಈಗ ಹೊಟ್ಟೆ ಬಂದ ಗೃಹಸ್ಥರಾಗಿ, ಭಾನುವಾರಗಳಂದು ಥಾಣೆಯಿಂದ, ವಸಾಯಿಯಿಂದ ಅದನ್ನೇ ಹುಡುಕಿಕೊಂಡು ಬರತೊಡಗಿದರು. ಅದೊಂದು ನಿಂತರೆ ಶಟರ್ ಇಳಿಯುವುದೆಂಬುದು ವಾರಿಜಕ್ಕನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಆ ಭಯದಿಂದಲೇ ಅವರು ಬಾಂದ್ರಾದ ವ್ಯಾಪಾರಿಯೊಬ್ಬನಿಂದ ಒಂದು ತದ್ರೂಪಿಯನ್ನು ಪರೀಕ್ಷೆಗೆ ತರಿಸಿದರು. ಹೊರಗಿನಿಂದ ಹಳೆಯದರ ಅಚ್ಚು. ಒಳಗೆ ಎಲ್ಲ ಹೊಸದು. ಹಿಡಿಸದಿದ್ದರೆ ವಾಪಸ್ ಕೊಡಬಹುದೆಂಬ ಕರಾರು. ಅಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ತಿಳಿಯದು. ಆದ್ದರಿಂದ ವಾರಿಜಕ್ಕ ಹಳೆಯದರ ನೆತ್ತಿಯ ಮೇಲೆ ನೇಲ್ ಪಾಲಿಶ್‌ನಿಂದ ಮೂರಕ್ಷರ ಬರೆದಿಟ್ಟರು. ಹೊಸದು ಹಿಡಿಸಲಿಲ್ಲ. ಮುಟ್ಟಿದರೆ ಹಗುರ; ಹಗುರವಾದದ್ದನ್ನು ಅವರು ನಂಬುವವರಲ್ಲ. ವ್ಯಾಪಾರಿಯ ಆಳು ಬರುವ ದಿನ ಅವರಿಗೆ ದಾದರ್‌ನಲ್ಲಿ ಮದುವೆಯಿತ್ತು. ಪಕ್ಕದ ಕೋಣೆಯ ಶೇವಂತಾಬಾಯಿಗೆ, ಆಳು ಬಂದರೆ ಮಶೀನನ್ನು ವಾಪಸ್ ಕೊಡಬೇಕೆಂದು ಹೇಳಿ ಹೋದರು.

ಸಂಜೆ ಅವರು ನನ್ನ ಮನೆಯ ಬಾಗಿಲಲ್ಲಿ ನಿಂತಿದ್ದರು. ಮದುವೆಯ ಸೀರೆ, ಮುಡಿಯಲ್ಲಿ ಮಲ್ಲಿಗೆ, ಮುಖದಲ್ಲಿ ರಕ್ತವಿಲ್ಲ.

“ಮಾಸ್ಟ್ರೇ, ನೀವು ಇವತ್ತು ನಮ್ಮ ಅಂಗಡಿ ಕಡೆ ಬಂದದ್ದುಂಟಾ?”

“ಇಲ್ಲವಲ್ಲ.”

“ನಿಜ ಹೇಳಿ.”

“ವಾರಿಜಕ್ಕ, ನಾನು ಸುಳ್ಳು ಹೇಳುವವನೇ?”

“ಅದು ನಂಗೆ ಗೊತ್ತಿಲ್ಲ. ನನ್ನ ಮಶೀನು ಕೊಂಡೋದ್ರು. ಹೊಸತು ಬಿಟ್ಟು ಹಳೇದು ತಗೊಂಡು ಹೋದ್ರು. ಶೇವಂತಿಗೆ ಏನೋ ಕೊಟ್ಟಿರ್ಬೇಕು ಅವ್ರು.”

ನಾವಿಬ್ಬರೂ ಶೇವಂತಾಬಾಯಿಯ ಬಳಿಗೆ ಹೋದೆವು. ಆಕೆ ಅಕ್ಕಿ ಆರಿಸುತ್ತ ಕುಳಿತಿದ್ದವಳು ತಲೆಯೆತ್ತದೆಯೇ, “ತ್ಯಾಚ್ಯಾವರಚ್ ಲಿಹಿಲಂ ಹೋತಂ” ಎಂದಳು: ಅದರ ಮೇಲೆಯೇ ಬರೆದಿತ್ತಲ್ಲ. “ಪರತ.” ಮರಾಠಿಯಲ್ಲಿ ಪರತ ಎಂದರೆ ಮರಳಿ, ವಾಪಸ್. ವಾಪಸ್ ಎಂದು ಬರೆದದ್ದನ್ನು ಆಕೆ ವಾಪಸ್ ಕೊಟ್ಟಿದ್ದಳು.

“ಅದರ ಮೇಲೆ ಹಾಗೆ ಯಾಕೆ ಬರೆದಿರಿ?” ಎಂದು ನಾನು ಕೇಳಿದೆ.

“ಪರತ್ ಆದದ್ದಕ್ಕೆ ಪರತ್ ಅಂತ ಬರೀದೆ ಮತ್ತೇನು ಬರೀಲಿ?” ಎಂದವರು ನನ್ನ ಮುಖ ನೋಡಿದರು. “ತುಳುವಿನಲ್ಲಿ ಹಳತಕ್ಕೆ ಪರತ್ ಅಂತ ಹೇಳುದು ಮಾಸ್ಟ್ರೇ.”

ಶೇವಂತಾಬಾಯಿ ಮೊರದಲ್ಲಿದ್ದ ಅಕ್ಕಿಯನ್ನು ಕೊಡವಿ, ಹಿಂದಿಯಲ್ಲಿ ಹೇಳಿದಳು: “ಜೀವನವಿಡೀ ಮರಾಠಿ ಶಾಲೆಗೆ ಹೋದವಳಂತೆ, ಪರತ ಗೊತ್ತಿಲ್ಲವಂತೆ.”

ಮರುದಿನ ಹೊಸ ಮಶೀನನ್ನು ಕಟ್ಟಿಕೊಂಡು ಲೋಕಲ್ ಹಿಡಿದು, ದಾದರ್‌ನಲ್ಲಿ ಗಾಡಿ ಬದಲಾಯಿಸಿ ಬಾಂದ್ರಾಕ್ಕೆ ಹೋದೆವು. ವ್ಯಾಪಾರಿ ನಮ್ಮನ್ನು ಕಂಡ ಕೂಡಲೇ ಕೂಗಾಡತೊಡಗಿದ. ಅವನ ದೃಷ್ಟಿಯಲ್ಲಿ ಕಳ್ಳಿ ವಾರಿಜಕ್ಕನೇ. ಹೊಸ ಮಶೀನಿನ ಹೊಟ್ಟೆ ಬಗೆದು, ಹಳೆಯ ಸರಕು ತುಂಬಿ ಕಳಿಸಿದ್ದಾಳೆಂದು ಅವನು ಭಾವಿಸಿದ್ದ. ಆ ಮೋಸವನ್ನು ಪತ್ತೆ ಮಾಡಲು ಅದನ್ನು ಪೂರ್ತಿ ಬಿಚ್ಚಿ ನೋಡಿದ್ದ. ತುಳುವಿನ ಪರತ್ತನ್ನೂ ಮರಾಠಿಯ ಪರತವನ್ನೂ ನಾನು ಬಿಡಿಸಿ ಹೇಳಿದ ಮೇಲೆ ಅವನು ತಣ್ಣಗಾಗಿ, ಮಶೀನನ್ನು ಜೋಡಿಸಿ, ಚಹಾ ತರಿಸಿ, ಕ್ಷಮೆ ಕೇಳಿ ಕೊಟ್ಟ. ವಾರಿಜಕ್ಕ ಚಹಾ ಮುಟ್ಟಲಿಲ್ಲ. ಮಶೀನನ್ನು ಮಗುಚಿ ನೋಡಿದರು. ಸ್ಕ್ರೂಗಳ ಮೇಲಿನ ಬಣ್ಣ ಒಂದೊಂದೂ ಒಡೆದಿತ್ತು.

ಕುರ್ಲಾಕ್ಕೆ ತಂದು ಹಚ್ಚಿದರೆ ಅದು ಮೊದಲಿನಂತೆಯೇ ನಡೆಯಿತು. ನಡೆದದ್ದೇ ಅವರಿಗೆ ಸಂಶಯಾಸ್ಪದವಾಯಿತು. “ಇಷ್ಟು ಚಂದ ಯಾವತ್ತು ನಡೀತಿತ್ತು ಇದು? ಒಳಗಿನದ್ದು ಬದ್ಲು ಮಾಡಿದ್ದಾನೆ.” ಸ್ವರ ಬೇರೆಯಾಗಿದೆಯೆಂದರು, ಬಿಸಿ ಏರುವ ಜಾಗ ಬೇರೆಯಾಗಿದೆಯೆಂದರು. ಭಾನುವಾರದ ಗಿರಾಕಿಗಳಲ್ಲಿ ಕಲಬುರಗಿ ಕಡೆಯ ಶರಣಪ್ಪನೆಂಬ ರಿಕ್ಷಾ ಚಾಲಕನಿದ್ದ. ಅವನೂ ಅಲ್ಲೇ ಆಡಿ ದೊಡ್ಡವನಾದವನು. ಅವನು ಒಂದು ಆಟ ಮುಗಿಸಿ ಹೇಳಿದ: “ಅಕ್ಕಾರ, ಇದು ನಿಮ್ಮದೇ ಅದ. ಜಿಗಿಯೋ ಗುಂಡಿ ಇನ್ನಾ ಹಂಗೇ ತಡಾ ಮಾಡ್ತದ. ನನಗ ಗೊತ್ತಾಗಂಗಿಲ್ಲೇನ್ರೀ?”

“ಗುಂಡಿ ಇರುದು ರಿಮೋಟಿನಲ್ಲಿ. ರಿಮೋಟ್ ಇಲ್ಲೇ ಇತ್ತು, ಹೋದದ್ದು ಡಬ್ಬ ಮಾತ್ರ. ಆ ಸಾಕ್ಷಿ ನಡೀದಿಲ್ಲ.”

“ನೀವು ವಕೀಲರಾಗಬೇಕಿತ್ತು ನೋಡ್ರಿ,” ಎಂದು ಅವನು ಇನ್ನೊಂದು ಆಟಕ್ಕೆ ಕೈ ಹಾಕಿದ.

ಗಿರಾಕಿಗಳಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಅವರು ಬರುತ್ತಲೇ ಇದ್ದರು. ಆದರೆ ವಾರಿಜಕ್ಕ ಅದರ ಕಡೆ ಬೆನ್ನು ಮಾಡಿ ಕೂರತೊಡಗಿದರು. ಬೇರೆಯವರ ಮಶೀನನ್ನು ತನ್ನದೆಂದು ಹೇಳಿ ಜನರನ್ನು ಕರೆಯುವುದು ಮೋಸ ಎಂಬುದು ಅವರ ವಾದ. ಕೆಲವು ತಿಂಗಳಲ್ಲಿ ಡೊಂಬಿವ್ಲಿಯಲ್ಲಿದ್ದ ಅವರ ಮಗಳು ತನ್ನೊಡನೆ ಇರಲು ಕರೆದಳು. ಎಷ್ಟೋ ವರ್ಷಗಳಿಂದ ಕರೆಯುತ್ತಿದ್ದಳು. ಈ ಸಲ ಒಪ್ಪಿದರು.

ಹೊರಡುವ ದಿನ ಬೆಳಿಗ್ಗೆ ನಾನು ಹೋದಾಗ ಬೆಂಚು ಆಗಲೇ ಹೋಗಿತ್ತು, ಟಿವಿಯೂ ಹೋಗಿತ್ತು. ಶರಣಪ್ಪನ ರಿಕ್ಷಾದ ಹಿಂದಿನ ಸೀಟಿನಲ್ಲಿ ಆ ಮಶೀನು ಹಳೆಯ ಟರ್ಕಿ ಟವೆಲಿನಲ್ಲಿ ಸುತ್ತಿಕೊಂಡು ಕೂತಿತ್ತು. ಅವರು ಅದನ್ನು ಅವನಿಗೆ ಸುಮ್ಮನೆ ಕೊಟ್ಟಿದ್ದರು. ಊದಬಾರದು, ಗೋಡೆಗೆ ತಾಗಿಸಿ ಇಡಬಾರದು, ಮಳೆಗಾಲದಲ್ಲಿ ದಿನಕ್ಕೊಮ್ಮೆಯಾದರೂ ಹಚ್ಚಬೇಕು ಎಂದು ಅವನಿಗೆ ಹೇಳುತ್ತಲೇ ಇದ್ದರು. ಅವನು “ಹೂನ್ರಿ ಅಕ್ಕಾರ, ಹೂನ್ರಿ” ಎನ್ನುತ್ತ ರಿಕ್ಷಾ ಹೊರಡಿಸಿದ.

ನಾನು ಕೇಳಿದೆ: “ಈಗಲಾದರೂ ಹೇಳಿ ವಾರಿಜಕ್ಕ. ಅದು ನಿಮ್ಮದೇ ಎಂದು ನಿಮಗೆ ನಂಬಿಕೆಯಿದೆಯೋ ಇಲ್ಲವೋ?”

“ನಂಬಿಕೆ ಇದ್ದಿದ್ರೆ ಕೊಡ್ತಿದ್ನಾ ಮಾಸ್ಟ್ರೇ?” ಎಂದರು.

ಆ ಮಾತನ್ನು ನಾನು ಅಂದೂ ಪೂರ್ತಿ ನಂಬಲಿಲ್ಲ, ಇಂದೂ ನಂಬಿಲ್ಲ. ರಿಕ್ಷಾ ಸ್ಟೇಷನ್ ರಸ್ತೆಯ ತಿರುವಿನಲ್ಲಿ ಕಾಣದಾಗುವವರೆಗೂ ಅವರು ಶಟರ್ ಎಳೆಯಲಿಲ್ಲ.