ಯಾರು ಹೊಡೆದದ್ದು ಎಂದು ಕೇಳಿದ ಶುಕ್ರವಾರ

ಪಕ್ಕದ ಮನೆಯ ಗಿರಿಜಳ ಹಿತ್ತಲಿನಲ್ಲಿ ನಾಗರಹಾವನ್ನು ಕೊಂದವಳು ನಾನು. ಗಿರಿಜ ಅಲ್ಲ. ನಮ್ಮ ಬೀದಿಯವರು ಇಷ್ಟು ವರ್ಷ ಅವಳ ತಲೆಗೆ ಕಟ್ಟಿದ್ದ ಆ ಏಟು ನನ್ನದು — ನೀರೊಲೆಗೆಂದು ಒಟ್ಟಿದ್ದ ನೀಲಗಿರಿ ಸೌದೆಯಲ್ಲಿ ಒಂದನ್ನು ಎಳೆದುಕೊಂಡು, ಎರಡೇ ಏಟಿಗೆ.

ಹಾವು ಸತ್ತದ್ದಕ್ಕೆ ನನಗೆ ಬೇಸರವಿದೆ, ಪಾಪ ಮಾಡಿದೆನೆಂಬ ಭಾವನೆ ಇಲ್ಲ. ತುಂಬು ಬಸುರಿಯೊಬ್ಬಳು ಬಟ್ಟೆ ಒಗೆಯುವ ಕಲ್ಲಿಗೆ ಬೆನ್ನು ಆನಿಸಿ, ಹಿಂದೆ ಸರಿಯಲೂ ಆಗದೆ ನಿಂತಿದ್ದಾಳೆ. ಅವಳ ಮುಂದೆಯೇ ಅದು ಹೆಡೆ ಎತ್ತಿದೆ. ಕರಿಬೇವು ಕೇಳಲು ಹೋದ ನನಗೆ ಕಂಡದ್ದು ಅಷ್ಟೇ. ಇವತ್ತು ಕಂಡರೂ ಅದನ್ನೇ ಮಾಡುತ್ತೇನೆ. ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ. ನಾನು ತಲೆ ತಗ್ಗಿಸಿದ್ದು ಬೇರೆ ಕಡೆ — ತಗ್ಗಿಸಬಾರದಿದ್ದ ಕಡೆ.

ಹಾವನ್ನು ನಾವಿಬ್ಬರೇ ಕರಿಬೇವಿನ ಗಿಡದ ಬುಡದಲ್ಲಿ ಹೂತೆವು. ಅಂದರೆ ನಾನು ಅಗೆದೆ, ಅವಳು ಬಾಗಿಲಲ್ಲಿ ಕೂತು ನೋಡಿದಳು. "ಯಾರಿಗೂ ಹೇಳ್ಬೇಡ ಕಣೇ, ಒಂದಕ್ಕೆ ಹತ್ತು ಸೇರಿಸ್ತಾರೆ" ಅಂದೆ. ಆಯ್ತಕ್ಕ ಅಂದಳು. ಆಮೇಲೆ ನಾನು ಕರಿಬೇವು ತೆಗೆದುಕೊಂಡು ಮನೆಗೆ ಬಂದು ಹಿತುಕಿದ ಬೇಳೆ ಸಾರಿಗೆ ಒಗ್ಗರಣೆ ಕೊಟ್ಟೆ.

ಹೆರಿಗೆಯಲ್ಲಿ ಅವಳ ಮಗು ಉಳಿಯಲಿಲ್ಲ. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು. ಹಾಗೆ ಸುತ್ತಿಕೊಳ್ಳುವುದು ಅಪರೂಪವೇನಲ್ಲ, ಕೆಲವೊಮ್ಮೆ ಹೀಗಾಗಿಬಿಡುತ್ತದೆ, ನಿಮ್ಮ ತಪ್ಪೇನೂ ಇಲ್ಲ ಎಂದು ಡಾಕ್ಟರು ಅವಳಿಗೆ ಹೇಳಿದಾಗ ನಾನು ಪಕ್ಕದಲ್ಲೇ ಫ್ಲಾಸ್ಕು ಹಿಡಿದು ನಿಂತಿದ್ದೆ. ಆದರೆ ಗೌರಿಬಿದನೂರಿನ ನಮ್ಮ ಬೀದಿಗೆ ಸುದ್ದಿ ಬರುವಷ್ಟರಲ್ಲಿ ಅದು ಬಳ್ಳಿಯಾಗಿ ಉಳಿದಿರಲಿಲ್ಲ. "ಹಾವಿನ ಥರ ಸುತ್ಕೊಂಡಿತ್ತಂತೆ" — ಹೀಗಾಗಿತ್ತು.

ಇಲ್ಲಿ ನಾನು ಎಂಥವಳೆಂದು ಸ್ವಲ್ಪ ಹೇಳಬೇಕು. ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ದೇವರಿದ್ದಾನೆಂದು ನನಗೆ ಯಾವತ್ತೂ ಅನ್ನಿಸಿಲ್ಲ. ಯಾರ ಮೇಲಿನ ಸಿಟ್ಟಿಗೂ ಅಲ್ಲ, ಯಾವ ಕಷ್ಟಕ್ಕೂ ಅಲ್ಲ; ಕೆಲವರಿಗೆ ಹಾಡು ಹತ್ತುವುದಿಲ್ಲವಲ್ಲ, ಹಾಗೆ. ಇದು ಬೀದಿಗೆಲ್ಲ ಗೊತ್ತು. ಆದರೂ ಶುಕ್ರವಾರ ಮಧ್ಯಾಹ್ನ ಜಯಮ್ಮ ಟೀಚರ್ ಮನೆಯ ಜಗಲಿಗೆ ನಾನು ತಪ್ಪದೆ ಹೋಗುತ್ತೇನೆ. ಟೀಚರ್ ರಿಟೈರ್ ಆದಮೇಲೆ ಶುರುವಾದ ಕೂಟ ಅದು. ಮೊದಲು ಸಹಸ್ರನಾಮ, ಆಮೇಲೆ ಕೋಸಂಬರಿ, ಆಮೇಲೆ ಮಾತು — ಸಾವು ಯಾಕೆ, ಕರ್ಮ ಅಂದರೇನು, ಒಳ್ಳೆಯವರಿಗೇ ಯಾಕೆ ಹೀಗೆ. ಸಹಸ್ರನಾಮದ ಹೊತ್ತಿಗೆ ನಾನು ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿರುತ್ತೇನೆ. ಮಾತು ಶುರುವಾದರೆ ಮುಂದೆ ಬಂದು ಕೂರುತ್ತೇನೆ.

"ಏನಮ್ಮ ವಿಮಲ, ನಂಬದೋಳಿಗೆ ಇಲ್ಲೇನು ಕೆಲ್ಸ?" ಎಂದು ಟೀಚರ್ ಕೇಳುವರು.

"ನೀವೆಲ್ಲ ಒಪ್ಕೊಂಡು ತಲೆ ಆಡಿಸ್ತಾ ಇದ್ರೆ ನಿಮಗೆ ನಿದ್ದೆ ಬಂದ್ಬಿಡುತ್ತೆ ಟೀಚರ್, ಎಬ್ಬಿಸೋಕೆ ಒಬ್ರು ಬೇಡ್ವಾ?"

"ನೋಡ್ರೇ ಇವಳ್ನ. ಇವಳಿಗೆ ಇನ್ನೊಂದು ಲೋಟ ಪಾನಕ ಕೊಡಿ, ಬಾಯಿ ಮುಚ್ಚುತ್ತೆ."

ಎಲ್ಲರೂ ನಗುವರು. ನನಗೂ ಇಷ್ಟವಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ — ಆಗ ನಾನು ಹೋಗುತ್ತಿದ್ದದ್ದು ಗೆಲ್ಲುವುದಕ್ಕೆ. ಹೊಲಿಗೆ ಮಿಷನ್ನಿನ ಮುಂದೆ ಇಡೀ ವಾರ ಕೂತ ತಲೆಗೆ ಅದೊಂದು ಹಬ್ಬ. ಮಾತಿನಲ್ಲಿ ಟೀಚರನ್ನು ಒಂದು ಮೂಲೆಗೆ ತಂದು ನಿಲ್ಲಿಸಿದೆನೆಂದರೆ ಮನೆಗೆ ಬಂದು ಮುದ್ದೆ ತೊಳಸುವಾಗಲೂ ಅದೇ ಗುಂಗು.

ಮಗು ಹೋದ ಮೇಲೆ ಗಿರಿಜ ಮೊದಲ ಸಲ ಜಗಲಿಗೆ ಬಂದ ಶುಕ್ರವಾರ — ಅವತ್ತು ನನ್ನ ತೊಡೆಯ ಮೇಲೆ ಒಂದು ಹಸಿರು ರವಿಕೆ ಇತ್ತು, ಹುಕ್ಕು ಹಾಕುತ್ತಿದ್ದೆ. ಆ ಭಾನುವಾರ ನನ್ನ ಮಗಳು ಸುಮಳನ್ನು ನೋಡಲು ಚಿಂತಾಮಣಿಯಿಂದ ಗಂಡಿನವರು ಬರುವವರಿದ್ದರು. ರವಿಕೆ ಅವಳದೇ.

ಗಿರಿಜ ಕೋಸಂಬರಿ ಮುಟ್ಟಲಿಲ್ಲ. ಮಾತು ಶುರುವಾಗುವ ಮೊದಲೇ ಕೇಳಿದಳು. "ಟೀಚರ್, ನಮ್ಮ ಹಿತ್ತಲಲ್ಲಿ ಒಂದು ನಾಗರಹಾವು ಸತ್ತಿತ್ತು. ನಾನು ಬಸುರಿ ಇದ್ದಾಗ. ಅದಕ್ಕೇ ಹಿಂಗಾಯ್ತಾ?"

ಟೀಚರ್ ಕನ್ನಡಕ ತೆಗೆದರು. "ತಾನಾಗೇ ಸತ್ತಿದ್ದಾ? ಯಾರು ಹೊಡೆದಿದ್ದು?"

ಗಿರಿಜ ನನ್ನ ಕಡೆ ನೋಡಿದಳು. ದೂರುವ ನೋಟವಲ್ಲ ಅದು. ಕಾಯುವ ನೋಟ. ನಾನು ಏನು ಹೇಳಬೇಕಿತ್ತೆಂದು ನನಗೆ ಗೊತ್ತಿತ್ತು — ನಾನು ಹೊಡೆದದ್ದು, ನನ್ನ ಮಕ್ಕಳಿಬ್ಬರೂ ಕಣ್ಣ ಮುಂದೆ ಚೆನ್ನಾಗಿದ್ದಾರೆ, ಈಗ ಹೇಳಿ. ವರ್ಷಗಟ್ಟಲೆ ಆ ಜಗಲಿಯ ಮೇಲೆ ನಾನು ಆಡಿದ ಎಲ್ಲ ವಾದಕ್ಕಿಂತ ಆ ಒಂದು ವಾಕ್ಯ ದೊಡ್ಡದಾಗಿತ್ತು. ಆದರೆ ಆ ಮಾತು ಭಾನುವಾರದೊಳಗೆ ಚಿಂತಾಮಣಿ ಮುಟ್ಟಿದರೆ? ಹಾವು ಕೊಂದ ಮನೆಯ ಹೆಣ್ಣು ಅಂದುಬಿಟ್ಟರೆ? ನಾನು ನಂಬದ ದೋಷ, ನಂಬುವವರ ಕೈಯಲ್ಲಿ ನನ್ನ ಮಗಳನ್ನು —

ತಲೆ ತಗ್ಗಿಸಿದೆ. ಹುಕ್ಕಿನ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹರಿದೆ.

"ನಾನೇ, ಟೀಚರ್" ಅಂದಳು ಗಿರಿಜ.

ಇಷ್ಟಕ್ಕೇ ನಿಂತಿದ್ದರೆ ಹೇಡಿತನ ಅನ್ನಬಹುದಿತ್ತು. ಆಮೇಲೆ ನಾನು ಮಾಡಿದ್ದಕ್ಕೆ ಹೆಸರು ಗೊತ್ತಿಲ್ಲ. ಅವಳು ಒಪ್ಪಿಕೊಂಡ ತಕ್ಷಣ ನಾನು ತಲೆ ಎತ್ತಿ ವಾದಕ್ಕೆ ಇಳಿದೆ. ಹಾವು ಒಂದು ಪ್ರಾಣಿ, ಅದಕ್ಕೆ ಹಗೆಯೂ ಇಲ್ಲ ನೆನಪೂ ಇಲ್ಲ, ಬಳ್ಳಿ ಸುತ್ತುವುದು ಎಲ್ಲ ಧರ್ಮದವರ ಮಕ್ಕಳಿಗೂ ಸುತ್ತುತ್ತೆ — ಚೆನ್ನಾಗಿ ಮಾತಾಡಿದೆ. ಬಹಳ ಚೆನ್ನಾಗಿ. ಹೊರಡುವಾಗ ಒಬ್ಬರು "ವಿಮಲಕ್ಕ ಲಾಯರ್ ಆಗ್ಬೇಕಿತ್ತು" ಅಂದರು. ನನ್ನ ಬಳಿ ಇದ್ದ ಒಂದೇ ಒಂದು ಸಾಕ್ಷಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಉಳಿದದ್ದನ್ನೆಲ್ಲ ಹೇಳಿದ ಲಾಯರ್.

ಸುಮಳ ಮದುವೆಯಾಯಿತು. ಗಿರಿಜ ಟೀಚರ್ ಹೇಳಿದಂತೆ ಸರ್ಪದೋಷಕ್ಕೆಂದು ವಿದುರಾಶ್ವತ್ಥದಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಿದಳು. ನಾನೂ ಹೋಗಿದ್ದೆ, ಹಾಲಿನ ಕ್ಯಾನು ಹಿಡಿದುಕೊಂಡು. ಅಶ್ವತ್ಥದ ಸುತ್ತ ಸಾಲುಸಾಲು ಕಲ್ಲುಗಳ ನಡುವೆ ಅವಳ ಹೊಸ ಕಲ್ಲು ನಿಂತಾಗ, ಇಷ್ಟೂ ಕಲ್ಲುಗಳ ಹಿಂದೆ ಒಬ್ಬೊಬ್ಬ ಗಿರಿಜ ಇದ್ದಾಳಲ್ಲ ಎಂದುಕೊಂಡೆನೇ ಹೊರತು, ಒಬ್ಬೊಬ್ಬ ವಿಮಲೆಯೂ ಇರಬಹುದೆಂದು ಹೊಳೆಯಲಿಲ್ಲ. ಅವಳಿಗೆ ಮತ್ತೆ ಮಗುವಾಗಲಿಲ್ಲ. ಬರಬರುತ್ತಾ ಬೀದಿಯ ಸೀಮಂತಗಳಿಗೆ ಅವಳನ್ನು ಕರೆಯುವುದು ನಿಂತಿತು. ಯಾರೂ ಬೈಯಲಿಲ್ಲ, ಜಗಳವಿಲ್ಲ. ಕುಂಕುಮದ ಬಟ್ಟಲು ಹಿಡಿದವರು ಅವಳ ಮನೆಯೊಂದನ್ನು ದಾಟಿ ಮುಂದಿನ ಮನೆಯ ಬಾಗಿಲು ತಟ್ಟುವರು, ಅಷ್ಟೇ. ಅದನ್ನು ನಾನು ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನೆ.

ಈಗ ಸುಮ ಬಸುರಿ. ಬಳೆ ತೊಡಿಸುವ ಶಾಸ್ತ್ರ ನಮ್ಮ ಮನೆಯಲ್ಲಿ. ಹೋದ ತಿಂಗಳು ಚಿಂತಾಮಣಿಯಿಂದ ಬೀಗಿತ್ತಿ ಫೋನು ಮಾಡಿದರು. ಅವರ ಮನೆಮಾತು ತೆಲುಗು, ನನ್ನನ್ನು ವದಿನಾ, ಅಂದರೆ ಅತ್ತಿಗೆ, ಎಂದೇ ಕರೆಯುವುದು. "ವದಿನಾ, ಏನೂ ಅನ್ಕೋಬೇಡಿ. ನಿಮ್ಮ ಪಕ್ಕದ ಮನೆಯೋಳು, ಹಾವು ಹೊಡೆದೋಳಂತಲ್ಲ, ಅವಳ ಕೈ ಮಾತ್ರ ಹುಡುಗಿಗೆ ತಾಗಬಾರದು. ನೀವು ಇದನ್ನೆಲ್ಲ ನಂಬಲ್ಲ, ಗೊತ್ತು. ನಮಗೋಸ್ಕರ."

ಹಾವು ಹೊಡೆದವಳ ಕೈಯಲ್ಲೇ ಆ ಫೋನು ಇತ್ತು.

ಅವತ್ತು ಸಂಜೆ ಗಿರಿಜಳ ಅಡುಗೆಮನೆಗೆ ಹೋದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಎದುರು ಕೂತು ನಾನೂ ಸುಲಿದೆ. ಯಾಕೆ ಹಾಗೆ ಹೇಳಿದೆ ಅವತ್ತು, ನಾನೇ ಅಂತ ಯಾಕೆ ಅಂದೆ ಎಂದು ಕೇಳಿದೆ. ಸುಮಳ ಸಂಬಂಧ ಉಳಿಸುವುದಕ್ಕೆ ಅನ್ನುತ್ತಾಳೆ ಎಂದುಕೊಂಡಿದ್ದೆ.

"ಸುಮಂದೂ ಇತ್ತು" ಅಂದಳು. "ಆದ್ರೆ ಅಕ್ಕ, ನೀವು ನಂಬೋದೇ ಇಲ್ಲ, ನಿಮ್ಮನ್ನ ಅದು ಯಾಕೆ ಮುಟ್ಟುತ್ತೆ? ನಂಬೋಳು ನಾನು. ನನಗೋಸ್ಕರ ತಾನೇ ಹೊಡೆದಿದ್ದು. ನನ್ನ ಹತ್ರನೇ ಬರ್ಬೇಕಲ್ವಾ?"

ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. ಇಷ್ಟು ವರ್ಷ ಮಳೆಗೆ ಕಂಬಳಿಯಂತೆ ನಾನು ಸುಖವಾಗಿ ಹೊದ್ದುಕೊಂಡಿದ್ದ ಅಪನಂಬಿಕೆಯ ಮೇಲಿಂದ ಜಾರಿದ್ದೆಲ್ಲ ಪಕ್ಕದ ಮನೆಯವಳ ಮೇಲೆ ಬಿದ್ದಿತ್ತು. ನಾನು ನೆನೆಯಲಿಲ್ಲ, ಅಷ್ಟೇ.

ಮುಂದಿನ ಶುಕ್ರವಾರ ಜಗಲಿಯ ಮೇಲೆ ಹೇಳಿದೆ. ಕೋಸಂಬರಿ ಹಂಚುವ ಮೊದಲೇ. ಸೌದೆ, ಏಟು, ಕರಿಬೇವಿನ ಬುಡ, ಹಸಿರು ರವಿಕೆ — ಎಲ್ಲ. ಗಿರಿಜ ಕಂಬಕ್ಕೆ ಒರಗಿ ಕೂತಿದ್ದಳು.

ಟೀಚರ್ ಕೋಸಂಬರಿಯ ಪಾತ್ರೆ ಪಕ್ಕಕ್ಕೆ ಸರಿಸಿದರು. "ಈಗ ಯಾಕಮ್ಮ ಹೇಳಿದೆ? ಬಸುರಿ ಮಗಳನ್ನ ಇಟ್ಕೊಂಡು."

ಒಂದು ಕ್ಷಣ ನಾನೂ ಹೆದರಿದೆ. ಅದನ್ನೂ ಮುಚ್ಚಿಡುವುದಿಲ್ಲ. ನಂಬಿಕೆಯಲ್ಲ ಅದು, ತಾಯಿ ಕರುಳು. "ಟೀಚರ್, ನನ್ನ ಮೊಮ್ಮಗು ಚೆನ್ನಾಗಿ ಹುಟ್ಟಿದ್ರೆ ನೋಡಿದ್ರಾ ಅಂತ ನಾನು ಕೇಳಲ್ಲ. ಹುಟ್ಟದೇ ಇರೋ ಕೂಸನ್ನ ವಾದಕ್ಕೆ ತರಲ್ಲ. ನೀವೂ ತರ್ಬೇಡಿ. ಗಿರಿಜಂದನ್ನ ತಂದ್ರಿ, ನಾನು ಕೂತು ನೋಡ್ದೆ. ಸಾಕು."

ಯಾರೂ ನಗಲಿಲ್ಲ. ನನಗೆ ಯಾರೂ ಪಾನಕ ಕೊಡಲಿಲ್ಲ.

ಬೀಗಿತ್ತಿಗೂ ಹೇಳಿದ್ದೇನೆ. ಮೊದಲು ಸುಮಳಿಗೆ ಹೇಳಿದಾಗ ಅವಳು "ಅತ್ತೆಗೆ ನೀನೇ ಹೇಳಮ್ಮ, ನನ್ನ ಕೈಲಾಗಲ್ಲ" ಅಂದಳು. ಬೀಗಿತ್ತಿ ಫೋನು ಇಟ್ಟುಬಿಟ್ಟರು, ಇನ್ನೂ ಮಾಡಿಲ್ಲ. ಶಾಸ್ತ್ರದ ದಿನ ಅವರು ಬರಬಹುದು, ಬರದೆಯೂ ಇರಬಹುದು. ಮೊದಲ ಬಳೆ ಗಿರಿಜಳೇ ತೊಡಿಸಬೇಕೆಂದು ನಾನೂ ಸುಮಳೂ ಕೇಳಿದ್ದೇವೆ. ಗಿರಿಜ ಹ್ಞೂಂ ಅಂದಿಲ್ಲ, ಊಹೂಂ ಅಂದಿಲ್ಲ. ಮೊನ್ನೆ ಹಿತ್ತಲ ಬಾಗಿಲಿಗೆ ಬಂದು ಒಂದೇ ಮಾತು ಕೇಳಿದಳು.

"ಅವತ್ತೇ ಹೇಳಿದ್ದಿದ್ರೆ, ಅಕ್ಕ?"

ಅವಳು ಕ್ಷಮಿಸಬೇಕೆಂದು ಕೇಳುವ ಮುಖ ನನಗಿಲ್ಲ.

ಆದರೆ ಜಗಲಿಗೆ ಹೋಗುವುದನ್ನು ಬಿಡು ಎಂದು ಕೆಲವರು ಹೇಳಿ ಕಳಿಸಿದ್ದಾರೆ. ಅದು ಮಾತ್ರ ಆಗದು. ನಂಬದವಳಿಗೆ ಅಲ್ಲೇನು ಕೆಲಸ ಎಂಬ ಪ್ರಶ್ನೆಗೆ ಪಾನಕದ ಲೋಟ ಹಿಡಿದು ನಗೆಯಾಡಿ ಉತ್ತರ ಕೊಟ್ಟದ್ದು ಸಾಕು. ಯಾರ ಮನೆಗೆ ಕುಂಕುಮದ ಬಟ್ಟಲು ಹೋಗಬೇಕು, ಯಾರ ಮನೆ ದಾಟಬೇಕು ಎಂಬುದು ಆ ಜಗಲಿಯ ಮೇಲೆಯೇ ತೀರ್ಮಾನವಾಗುತ್ತದೆ. ನಾನು ಎದ್ದು ಹೋದರೆ ತೀರ್ಮಾನ ನಿಲ್ಲುವುದಿಲ್ಲ. ಅಲ್ಲಿ ಸೋಲುವ ಹೆಣ್ಣಿನ ಪಕ್ಕ ಒಬ್ಬರು ಕಮ್ಮಿಯಾಗುತ್ತಾರೆ. ಅದಕ್ಕೇ ಹೋಗುತ್ತೇನೆ — ಗೆಲ್ಲುವುದಕ್ಕಲ್ಲ ಈಗ.

ಬರುವ ಶುಕ್ರವಾರವೂ ಸೌತೆಕಾಯಿ ಹೆಚ್ಚುತ್ತೇನೆ, ಹೊಲಿಗೆ ತೆಗೆದುಕೊಂಡು ಕೂರುತ್ತೇನೆ. ಯಾರು ಮಾಡಿದ್ದು ಎಂದು ಇನ್ನೊಮ್ಮೆ ಅಲ್ಲಿ ಯಾರಾದರೂ ಕೇಳಿದರೆ, ದಾರ ಕಚ್ಚಿಕೊಂಡು ತಲೆ ತಗ್ಗಿಸುವವಳು ನಾನಾಗಿರುವುದಿಲ್ಲ.