ಎದೆಯಿಂದ ದೂರ ಹಿಡಿದ ಕರಡಿಗೆ

ನನ್ನ ಅಕ್ಷರ ಸೊಟ್ಟ. ಪಿಯುಸಿ ಅರ್ಧಕ್ಕೆ ಬಿಟ್ಟ ಮೇಲೆ ಬರೆಯುವ ಅಭ್ಯಾಸವೂ ತಪ್ಪಿದೆ. ಪದಗಳು ಎಲ್ಲಾದರೂ ಎಡವಿದ್ದರೆ ಓದುವವರು ಕ್ಷಮಿಸಬೇಕು. ಅಜ್ಜಿಯ ವಿಷಯ ಮಾತ್ರ ತಪ್ಪಾಗಬಾರದೆಂದು ಇದನ್ನು ಮತ್ತೆ ಮೊದಲಿಂದ ಬರೆದಿದ್ದೇನೆ.

ಅಜ್ಜಿ ಎಂದರೆ ಅಪ್ಪನ ತಾಯಿ, ಚನ್ನಮಲ್ಲಮ್ಮ. ಶಾಗ್ಯದಲ್ಲಿ ಹುಟ್ಟಿ ಕಾಮಗೆರೆಗೆ ಸೊಸೆಯಾಗಿ ಬಂದವಳು. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಕೂಸಿಗೆ ನೀರು ಹಾಕಲು ಅವಳೇ ಹೋಗಬೇಕಿತ್ತು. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಹರಳೆಣ್ಣೆ ತಿಕ್ಕಿ, ಮೂಗನ್ನು ಮೆಲ್ಲಗೆ ಎಳೆದು ನೆಟ್ಟಗೆ ಮಾಡುತ್ತಿದ್ದಳು. "ಈ ಬೀದಿ ಮೂಗೆಲ್ಲ ನಾನೇ ತಿದ್ದುದ್ದು. ನಿಮ್ಮಪ್ಪನ್ದು ಒಂದೇ ಕೈಗೆ ಬರ್ನಿಲ್ಲ" ಎಂದು ನಗುತ್ತಿದ್ದಳು.

ಹೋದ ವರ್ಷ ಅವಳಿಗೆ ಎಡಗಡೆ ಬೆನ್ನಿನಿಂದ ಎದೆಯವರೆಗೆ ನೀರುಗುಳ್ಳೆ ಎದ್ದವು. ಸರ್ಪಸುತ್ತು ಎಂದರು. ಹಾವಿನ ತಲೆ ಬಾಲ ಕೂಡಿಕೊಂಡರೆ ಜೀವಕ್ಕೇ ಅಪಾಯ ಎಂಬ ಭಯ ನಮ್ಮ ಕಡೆ. ಊರಲ್ಲೇ ಆಸ್ಪತ್ರೆ ಇದ್ದರೂ ಅಪ್ಪ ಬಂಡಳ್ಳಿ ಕಡೆಯ ಒಬ್ಬ ನಾಟಿ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಗುಳ್ಳೆಗಳ ಸುತ್ತ ಕೆಮ್ಮಣ್ಣಿನ ಗೆರೆ ಬರೆಸಿದರು. ಮಣ್ಣು ತೊಳೆಯಬಾರದು, ಮಾತ್ರೆ ನುಂಗಬಾರದು ಎಂದು ಆ ವೈದ್ಯರು ಹೇಳಿದ್ದರು, ಹಾಗೇ ಮಾಡಿದೆವು. ಗುಳ್ಳೆ ಒಣಗಿತು. ಉರಿ ಹೋಗಲಿಲ್ಲ. ಆಮೇಲೆ ಆಸ್ಪತ್ರೆಯಲ್ಲಿ, ನರಕ್ಕೆ ಪೆಟ್ಟಾಗಿದೆ, ಗುಳ್ಳೆ ಎದ್ದ ಕೂಡಲೇ ಬರಬೇಕಿತ್ತು ಎಂದರು. ಅವರು ಕೊಟ್ಟ ಮಾತ್ರೆಗೆ ಸ್ವಲ್ಪ ಕಡಿಮೆಯಾಯಿತು, ಅಷ್ಟೇ.

ಈಗ ಸೆರಗು ಸೋಕಿದರೂ ಉರಿ. ಬಾಗಿಲು ತೆಗೆದರೆ ಗಾಳಿ ತಾಗುತ್ತದೆ, ಮುಚ್ಚಿದರೆ ಬೆವರು ಇಳಿಯುತ್ತದೆ. ರವಿಕೆ ತೊಡಲು ಆಗದೆ ಅಜ್ಜಿ ಬೀದಿಗೆ ಬರುವುದನ್ನೇ ಬಿಟ್ಟಳು. ಒಳಕೋಣೆಯ ಮೂಲೆಯಲ್ಲಿ ಅವಳು, ಸೆರಗನ್ನು ಮೈಯಿಂದ ಎತ್ತಿ ಹಿಡಿಯಲು ಪಕ್ಕದಲ್ಲಿ ನಾನು. ಹೊರಗೆ ಬಸ್ಸು ಹೋಗುವುದು ಇಬ್ಬರಿಗೂ ಕೇಳುತ್ತಿರುತ್ತದೆ.

ಎಲ್ಲಕ್ಕಿಂತ ಕಷ್ಟ ಲಿಂಗದ್ದು. ನಮ್ಮವರು ಇಷ್ಟಲಿಂಗವನ್ನು ಬೆಳ್ಳಿ ಕರಡಿಗೆಯಲ್ಲಿಟ್ಟು ಶಿವದಾರದಿಂದ ಕೊರಳಿಗೆ ಕಟ್ಟಿಕೊಳ್ಳುತ್ತೇವೆ. ಅದು ಮೈ ಬಿಡಬಾರದು. ಅಜ್ಜಿಯ ಕರಡಿಗೆ ಸರಿಯಾಗಿ ಉರಿಯುವ ಜಾಗಕ್ಕೇ ಬಂದು ತಾಗುತ್ತದೆ. ಅದಕ್ಕೆ ಅವಳು ಹಗಲೆಲ್ಲ ಅದನ್ನು ಒಂದು ಕೈಯಲ್ಲಿ ಎದೆಯಿಂದ ದೂರ ಹಿಡಿದೇ ಕೂತಿರುತ್ತಾಳೆ.

"ತೋಳ್ಗೆ ಕಟ್ಕವ್ವ, ಅಂಗೂ ಕಟ್ಕಬೋದಂತೆ" ಎಂದರು ಅಪ್ಪ.

"ನೋವ್ಗೆ ಎದ್ರಿ ಅದ್ನ ಜಾಗ ಬುಡ್ಸಾಕಿಲ್ಲ ಕಣ್ಲಾ" ಎಂದಳು ಅಜ್ಜಿ. ಅಪ್ಪ ಆಚೆ ಹೋದ ಮೇಲೆ ನನಗೆ ಹೇಳಿದಳು, "ಒಂದ್ ದಿನಾನಾದ್ರೂ ಇದು ಎದೆ ಮೇಲೆ ಕೂತ್ಕಬೇಕು ಕಣಮ್ಮಿ."

ಕೊಳ್ಳೇಗಾಲದಲ್ಲಿ ಅಕ್ಯುಪಂಕ್ಚರ್ ಮಾಡುವ ಡಾಕ್ಟರಮ್ಮ ಇದ್ದಾರೆಂದು ಪಕ್ಕದ ಮನೆಯ ಪ್ರಭುಸ್ವಾಮಿ ಮಾವ ಹೇಳಿದರು. ರವಿಕೆಯಿಲ್ಲದೆ ಸೆರಗನ್ನೇ ಸಡಿಲವಾಗಿ ಹೊದಿಸಿ ನಾನೇ ಕರೆದುಕೊಂಡು ಹೋದೆ. ಡಾಕ್ಟರಮ್ಮ ಎಲ್ಲ ಕೇಳಿ, ಕರಡಿಗೆ ನೋಡಿ, "ಇದನ್ನ ತೆಗೆದು ಟೇಬಲ್ ಮೇಲಿಡಿ ಅಜ್ಜಿ" ಎಂದರು.

ಅಜ್ಜಿ ಎದ್ದೇಬಿಟ್ಟಳು. "ನಡಿ ಅಮ್ಮಿ, ಮನ್ಗೋಗವ."

ನನಗೆ ಹೊರಗಿನವರ ಮುಂದೆ ಬಾಯಿ ಬರುವುದಿಲ್ಲ. ಆದರೂ ಹೇಗೋ ಹೇಳಿದೆ, "ಪೂಜೇಲಿ ಲಿಂಗ ತಗ್ದು ಎಡಗೈಲಿ ಇಟ್ಕತೀಯಲ್ಲಜ್ಜಿ, ಅಂಗೇ ಇಟ್ಕಂಡು ಮನಿಕೋ."

ಅಜ್ಜಿ ಮತ್ತೆ ಕೂತಳು. ಡಾಕ್ಟರಮ್ಮ, "ಸರಿ, ಆ ಕೈಗೆ ಚುಚ್ಚಲ್ಲ" ಎಂದರು. ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಅಜ್ಜಿ ಬಲಮಗ್ಗುಲಾಗಿ ಮಲಗಿದಳು. ಬೆನ್ನಿಗೆ, ಕಾಲಿಗೆ ಕೂದಲೆಳೆಯಂಥ ಸೂಜಿಗಳು ನಿಂತವು. "ಮುಳ್ಳಂದಿ ಆದ್ನೇನಮ್ಮಿ?" ಎಂದು ಕೇಳಿದಳು.

ಮೊದಮೊದಲು ಎಷ್ಟು ಸಲ ಹೋಗಿಬಂದರೂ ಏನೂ ಬದಲಾಗಲಿಲ್ಲ. ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ ಎಂದು ಡಾಕ್ಟರಮ್ಮನೂ ಹೇಳಿದ್ದರು. ಹೋದ ವಾರ ವಾಪಸ್ ಬರುವಾಗ ಬಸ್ಸಿನಲ್ಲಿ ನಮ್ಮ ಪಕ್ಕ ಒಬ್ಬ ತಾಯಿ ಕೂಸನ್ನು ಎತ್ತಿಕೊಂಡು ಕೂತಳು. "ಯಾರವ್ವ ಇದ್ಕೆ ನೀರಾಕೋರು? ಮೂಗ ಇಂಗೇ ಬುಟ್ಟವ್ರೆ!" ಎಂದು ಅಜ್ಜಿ ಎರಡೂ ಕೈ ಚಾಚಿ ಕೂಸಿನ ಮೂಗು ಹಿಡಿದಳು. ಕರಡಿಗೆ ಎದೆಯ ಮೇಲೆ ಕೂತಿತ್ತು. ಅವಳಿಗೆ ಗೊತ್ತೇ ಆಗಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ. ಊರು ಹತ್ತಿರ ಬಂದಾಗ ಬಸ್ಸು ಹಂಪ್ ಹಾರಿತು. "ಅಯ್ಯಪ್ಪಾ" ಎಂದು ಅಜ್ಜಿ ಮತ್ತೆ ಕರಡಿಗೆ ಹಿಡಿದಳು.

ಅಪ್ಪ ನಿನ್ನೆ, "ಕರಡ್ಗೆ ಹಿಡ್ಕಂಡ ಕೈ ಇನ್ನೂ ಅಂಗೇ ಅಯ್ತಲ್ಲ. ಸೂಜಿ ಸಾಕು, ಇನ್ನೋಗ್ಬೇಡಿ" ಎಂದರು. ಅಜ್ಜಿ ಗೋಡೆ ಕಡೆ ತಿರುಗಿದಳು. ಬಸ್ಸಿನಲ್ಲಿ ನಡೆದದ್ದನ್ನು ನೋಡಿದವಳು ನಾನೊಬ್ಬಳೇ. ಆಗ ಬಾಯಿ ಬರಲಿಲ್ಲ.

ನಾಳೆ ಬೆಳಿಗ್ಗೆ ಅಪ್ಪ ಡೈರಿಗೆ ಹಾಲು ಹಾಕಿ ಬಂದ ಕೂಡಲೇ ಅದನ್ನು ಹೇಳುತ್ತೇನೆ. ಆಮೇಲೆ ಅಜ್ಜಿಯನ್ನು ಕೊಳ್ಳೇಗಾಲದ ಬಸ್ಸಿಗೆ ಹತ್ತಿಸಿಕೊಂಡು ಹೋಗುತ್ತೇನೆ.